ಗೋಡೆಯೊಳಗಿನ ಸಂಸಾರ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ, ಬ್ಯಾಂಕಿನ ಠೇವಣಿ ಬಡ್ಡಿಗಳ ವಿಷಯವಾಗಿ ಏನಾದರೂ ನಾಲ್ಕು ಉಪಯುಕ್ತ ಮಾತು ಬಂದೀತೆಂದು ಅವರು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ನಾವು ಬ್ಯಾಂಕೊಂದರಲ್ಲಿ ಗುಮಾಸ್ತರು, ಓದಿದ್ದು ಬಿ.ಕಾಂ. ಅಂಥವರು ಎದ್ದುನಿಂತು ನಲ್ಲಿ, ಮೋರಿ, ವಿದ್ಯುತ್ ತಂತಿಗಳ ಪುರಾಣ ತೆಗೆದರೆ ನಿಮಗೆ ಸೋಜಿಗವಾಗುವುದು ಸಹಜ. ಆದರೆ ನಮ್ಮ ಕಟ್ಟಡದ ಸಹಕಾರಿ ಸೊಸೈಟಿಯವರು, ಬ್ಯಾಂಕಿನವನು ಲೆಕ್ಕದಲ್ಲಿ ಮೋಸ ಮಾಡಲಾರನು ಎಂಬ ನಂಬಿಕೆಯಿಂದ, ಆರು ವರ್ಷಗಳ ಹಿಂದೆ ನಮ್ಮನ್ನು ಖಜಾಂಚಿಗಳನ್ನಾಗಿ ಮಾಡಿಬಿಟ್ಟರು. ಲೆಕ್ಕದಲ್ಲಿ ನಾವು ಮೋಸ ಮಾಡಲಿಲ್ಲ, ನಿಜ. ಆದರೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವಾಗ ನಾವು ಎಷ್ಟು ತಿಳಿಯದೆ ತೀರ್ಮಾನಿಸುತ್ತಿದ್ದೆವೆಂಬುದು ಆಮೇಲೆ ಗೊತ್ತಾಯಿತು. ಆ ತಪ್ಪುಗಳ ಕಥೆಯನ್ನೇ ಇಂದು ಒಪ್ಪಿಸುತ್ತೇವೆ.

ನಮ್ಮಲ್ಲಿ ಅನೇಕರು ಊರಿನ ಮನೆಯಿಂದ ಬಂದವರು. ಆ ಮನೆಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ನೀರು ಬಾವಿಯಿಂದ ಬರುತ್ತಿತ್ತು; ಹಗ್ಗ ನಮ್ಮ ಕೈಯಲ್ಲೇ ಇರುತ್ತಿತ್ತು. ಬಚ್ಚಲಿನ ನೀರು ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹೋಗುವುದು ಕಾಣುತ್ತಿತ್ತು. ಹಂಡೆಯ ಕೆಳಗೆ ಬೆಂಕಿ ಇದೆಯೋ ಇಲ್ಲವೋ ಎಂದು ಮಗುವಿಗೂ ತಿಳಿಯುತ್ತಿತ್ತು. ಈ ಮುಂಬಯಿಗೆ ಬಂದ ಮೇಲೆ ಬಾವಿ, ಹಗ್ಗ, ಮೋರಿ, ಬೆಂಕಿ ಎಲ್ಲವೂ ಗೋಡೆಯೊಳಗೆ ಸೇರಿಕೊಂಡವು. ಹೊರಗೆ ಉಳಿದದ್ದು ಒಂದು ನಲ್ಲಿಯ ಮೂತಿ, ಒಂದು ಸ್ವಿಚ್ಚು, ಒಂದು ಜಾಲರಿ. ಕಾಣುವ ಈ ತುದಿಗಳನ್ನು ನೋಡಿ ಕಾಣದ ಒಡಲಿನ ವಿಷಯದಲ್ಲಿ ನಾವು ಧಾರಾಳವಾಗಿ ಅಭಿಪ್ರಾಯ ಕಟ್ಟಿಕೊಳ್ಳುತ್ತೇವೆ.

ಮೊದಲು ನೀರಿನ ಮಾತು. ನಮ್ಮದು ನೆಲದ ಮೇಲೆ ನಾಲ್ಕು ಮಹಡಿಗಳ ಕಟ್ಟಡ, 20 ಮನೆಗಳು. ನಾಲ್ಕನೆಯ ಮಹಡಿಯ ಹಿರಿಯರೊಬ್ಬರು ಪ್ರತಿ ಸಭೆಯಲ್ಲೂ ಒಂದೇ ದೂರು ತರುತ್ತಿದ್ದರು. ನೀರಿನ ಟ್ಯಾಂಕು ಅವರ ನೆತ್ತಿಯ ಮೇಲೆಯೇ ಇದೆ. ಆದರೂ ಅವರ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತದೆ. ನೆಲಮಹಡಿಯವರ ನಲ್ಲಿಯಲ್ಲಿ ಮಾತ್ರ ಧೋ ಎಂದು ಸುರಿಯುತ್ತದೆ. ಇದು ಅನ್ಯಾಯ, ಕೆಳಗಿನವರು ಏನೋ ಕೈಚಳಕ ಮಾಡಿದ್ದಾರೆ ಎಂಬುದು ಅವರ ವಾದ. ಪರಿಹಾರವನ್ನೂ ಅವರೇ ಸೂಚಿಸಿದರು: ಟ್ಯಾಂಕು ಸಣ್ಣದು, ಅದಕ್ಕೇ ಒತ್ತಡ ಸಾಲದು, 10,000 ಲೀಟರಿನ ಇನ್ನೊಂದನ್ನು ಪಕ್ಕದಲ್ಲಿ ಇಡೋಣ. ಸಭೆ ತಲೆದೂಗಿತು. ನಾವೂ ತಲೆದೂಗಿದೆವು, ಟ್ಯಾಂಕಿನ ದರಪಟ್ಟಿಯನ್ನೂ ತರಿಸಿದೆವು.

ಆಗ ಮೊದಲನೆಯ ಮಹಡಿಯಲ್ಲಿರುವ ನಿವೃತ್ತ ಇಂಜಿನಿಯರೊಬ್ಬರು ನಮ್ಮನ್ನು ಮನೆಗೆ ಕರೆದು ಚಹಾ ಕೊಟ್ಟು, ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ನೀರಿನ ಒತ್ತಡವೆಂಬುದು ನೀರು ಎಷ್ಟಿದೆ ಎಂಬುದರ ಮೇಲೆ ನಿಂತಿಲ್ಲ, ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಿಂತಿದೆ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತುತ್ತದೆ. ಆ ನೀರು ಬೆರಳಿನಷ್ಟು ದಪ್ಪದ ಕೊಳವೆಯಲ್ಲಿರಲಿ, ಕೆರೆಯಷ್ಟು ಅಗಲವಾಗಿರಲಿ, ಅಷ್ಟೇ. ನಮ್ಮ ಟ್ಯಾಂಕಿನ ನೀರಿಗೂ ನಾಲ್ಕನೆಯ ಮಹಡಿಯ ನಲ್ಲಿಗೂ ಇರುವ ಎತ್ತರದ ಅಂತರ ಮೂರೂವರೆ ಮೀಟರ್. ಅಲ್ಲಿ ಒತ್ತಡ 0.35 ಕಿಲೋ. ನೆಲಮಹಡಿಗೆ ಇನ್ನೂ 12 ಮೀಟರ್ ಕೆಳಗೆ. ಅಲ್ಲಿ ಒಂದೂವರೆ ಕಿಲೋ. ಕೆಳಗಿನವರ ಕೈಚಳಕ ಇಷ್ಟೇ: ಅವರು ಕೆಳಗಿದ್ದಾರೆ. ಟ್ಯಾಂಕಿಗೆ ಹತ್ತಿರ ಇದ್ದಷ್ಟೂ ನೀರು ಜೋರಾಗಿ ಬರುತ್ತದೆಂಬುದು ನಮ್ಮ ಕಲ್ಪನೆ. ನಿಜ ಅದರ ತಿರುವುಮುರುವು.

"ಅದಿರಲಿ, ನೀರಿನ ತೂಕ ಎಷ್ಟೆಂದು ಗೊತ್ತೇ?" ಎಂದು ಅವರು ಕೇಳಿದರು. 1,000 ಲೀಟರಿಗೆ ಒಂದು ಟನ್ನು. 10,000 ಲೀಟರಿಗೆ 10 ಟನ್ನು. ಮೈಸೂರು ದಸರೆಯ ಎರಡು ಆನೆಗಳನ್ನು ತಾರಸಿಗೆ ಹತ್ತಿಸಿ ಹಗಲೂ ರಾತ್ರಿಯೂ ಅಲ್ಲೇ ನಿಲ್ಲಿಸಿದಂತೆ. ಅದೂ ಕಂಬ ತೊಲೆಗಳ ಮೇಲಲ್ಲ, ಬರಿಯ ಚಪ್ಪಡಿಯ ನಡುವೆ. ನಾವು ದರಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆವು.

ಹಾಗೆಂದು ಹಿರಿಯರ ದೂರು ಸುಳ್ಳಾಗಿರಲಿಲ್ಲ. ಅವರ ಮನೆಗೆ ಇಳಿಯುವ ಹಳೆಯ ಕಬ್ಬಿಣದ ಕೊಳವೆಯನ್ನು ಕತ್ತರಿಸಿ ನೋಡಿದಾಗ, ಹೊರಗಿನಿಂದ ಗಟ್ಟಿಮುಟ್ಟಾಗಿದ್ದ ಕೊಳವೆಯ ಒಳಗೆ ತುಕ್ಕೂ ಸುಣ್ಣವೂ ಕಟ್ಟಿಕೊಂಡು ಒಂದು ಪೆನ್ಸಿಲು ತೂರುವಷ್ಟೇ ದಾರಿ ಉಳಿದಿತ್ತು. ಮೊದಲೇ ಕಡಮೆಯಾದ ಒತ್ತಡ, ಆ ದಾರಿಯಲ್ಲಿ ಉಜ್ಜಿಕೊಂಡು ಬರುವಷ್ಟರಲ್ಲಿ ಸತ್ತೇಹೋಗುತ್ತಿತ್ತು. ಕೊಳವೆ ಬದಲಾಯಿಸಿ, ಟ್ಯಾಂಕಿನಿಂದ ಆ ಮಹಡಿಗೆ ಬರುವ ದಾರಿಯಲ್ಲಿ ಒಂದು ಚಿಕ್ಕ ಪಂಪು ಇಟ್ಟ ಮೇಲೆ ಈಗ ಅವರು ಸಭೆಯಲ್ಲಿ ಬೇರೆ ವಿಷಯ ಮಾತನಾಡುತ್ತಾರೆ.

ಪಂಪಿನ ವಿಷಯವಾಗಿಯೂ ಒಂದು ಮಾತು. ಸಂಪಿನ ಪಕ್ಕದಲ್ಲಿ ಪಂಪು ಗದ್ದಲ ಮಾಡುತ್ತದೆ, ಅದನ್ನು ತಾರಸಿಯ ಮೇಲಿಟ್ಟು ನೀರನ್ನು ಮೇಲಕ್ಕೆ ಎಳೆದುಕೊಂಡರಾಗದೆ ಎಂದು ನಮ್ಮಲ್ಲಿ ಒಬ್ಬರು ಕೇಳಿದ್ದರು. ಆಗದು. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಕೊಳವೆಯ ಗಾಳಿಯನ್ನು ತೆಗೆಯುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಆ ಭಾರಕ್ಕೆ 10 ಮೀಟರಿನ ಮೇಲೆ ಶಕ್ತಿಯಿಲ್ಲ. ವ್ಯವಹಾರದಲ್ಲಿ ಏಳು ಮೀಟರೇ ಹೆಚ್ಚು. ಊರಿನಲ್ಲಿ ಆಳದ ಬಾವಿಗೆ ಪಂಪು ಕೂರಿಸುವಾಗ ಬಾವಿಯೊಳಗೇ ಒಂದು ಕಟ್ಟೆ ಮಾಡಿ ಇಳಿಸುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಜಾಗದ ಅಭಾವದಿಂದಲ್ಲ. ಇನ್ನು, ನಗರಪಾಲಿಕೆಯ ಕೊಳವೆಗೇ ನೇರವಾಗಿ ಪಂಪು ಹಾಕಿ ನೀರು ಹೀರುವುದು ಜಾಣತನವೆಂದು ತಿಳಿದವರುಂಟು. ಅದು ನಿಷಿದ್ಧ, ನೆರೆಯವರ ಪಾಲು ಕಸಿಯುವುದಷ್ಟೇ ಅಲ್ಲ, ರಸ್ತೆಯಡಿಯ ಕೊಳವೆಯಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿಯ ನೀರನ್ನೂ ಹೀರಿ ನಮ್ಮ ಕೊಡಕ್ಕೇ ತುಂಬಿಕೊಂಡಂತೆ.

ನೀರು ಬಂದ ದಾರಿಯಾಯಿತು, ಹೋಗುವ ದಾರಿಯನ್ನೂ ನೋಡೋಣ. ಮೇ ತಿಂಗಳಲ್ಲಿ ಮಕ್ಕಳಿಗೆ ರಜಾ ಬಂದೊಡನೆ ನಾವೆಲ್ಲ ಬೀಗ ಹಾಕಿ ಊರಿಗೆ ಹೊರಡುತ್ತೇವೆ. ಜೂನಿನಲ್ಲಿ ಮರಳಿ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವ ನಾತ. ಬಚ್ಚಲಿನಲ್ಲಿ ಜಿರಲೆಗಳ ಸಮ್ಮೇಳನ. "ಮೋರಿ ಕಟ್ಟಿಕೊಂಡಿದೆ" ಎಂದು ಆಸಿಡ್ ಸುರಿಯುತ್ತೇವೆ, ಕೊಳಾಯಿ ಕೆಲಸದವನನ್ನು ಕರೆಸುತ್ತೇವೆ. ಕಟ್ಟಿಕೊಂಡಿರುವುದಿಲ್ಲ ಸ್ವಾಮಿ, ಒಣಗಿರುತ್ತದೆ. ಬಚ್ಚಲಿನ ಜಾಲರಿಯ ಕೆಳಗೆ ಒಂದು ಬಾಗಿದ ಬಟ್ಟಲಿದೆ. ಇಲ್ಲಿನ ಕೆಲಸಗಾರರು ಅದನ್ನು ನಹಾಣಿ ಟ್ರಾಪ್ ಎನ್ನುತ್ತಾರೆ. ನಹಾಣಿ ಎಂದರೆ ಮರಾಠಿಯಲ್ಲಿ ಬಚ್ಚಲುಮನೆಯೇ. ಅದರಲ್ಲಿ ಸದಾ ಎರಡು ಅಂಗುಲದಷ್ಟು ನೀರು ನಿಂತಿರಬೇಕು. ನಮ್ಮ ಮನೆಗೂ ಊರಿನ ಚರಂಡಿಗೂ ನಡುವೆ ಇರುವ ಬಾಗಿಲೆಂದರೆ ಆ ನೀರೇ. ಬೇರೆ ಬಾಗಿಲಿಲ್ಲ. ಒಂದು ತಿಂಗಳ ಸೆಕೆಗೆ ಆ ನೀರು ಆರಿಹೋದರೆ ಬಾಗಿಲು ತೆರೆದಂತೆ. ಒಂದು ಚೊಂಬು ನೀರು ಹೊಯ್ದರೆ ಮುಚ್ಚಿತು. ಈ ಸರಳ ಉಪಾಯವನ್ನು 1775ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿ ಶೌಚದ ಕೊಳವೆಗೆ ಅಳವಡಿಸಿ ಹಕ್ಕು ಪಡೆದ. ಇಂದಿಗೂ ಅದಕ್ಕಿಂತ ಅಗ್ಗದ್ದು ಯಾರಿಗೂ ಹೊಳೆದಿಲ್ಲ.

ಇದು ನಾತದ ವಿಷಯ ಮಾತ್ರವೆಂದು ತಿಳಿಯಬಾರದು. 2003ರಲ್ಲಿ ಸಾರ್ಸ್ ರೋಗ ಹರಡಿದಾಗ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ಒಂದೇ ವಸತಿ ಸಮೂಹದಲ್ಲಿ 300ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಪರಿಶೀಲಿಸಿದವರು ಬೊಟ್ಟುಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ಬಚ್ಚಲ ನೆಲದ ಒಣಗಿದ ಟ್ರಾಪುಗಳು. ಅವುಗಳ ಮೂಲಕ, ಗಾಳಿ ಹೊರಗೆಳೆಯುವ ಪಂಕದ ಸೆಳೆತಕ್ಕೆ, ಮಲದ ಕೊಳವೆಯ ಸೂಕ್ಷ್ಮ ಹನಿಗಳು ಮನೆಗಳೊಳಗೆ ಬಂದಿದ್ದವು. ಅಲ್ಲಿನವರು ನೆಲವನ್ನು ಒರೆಸುತ್ತಿದ್ದರೇ ಹೊರತು ನೀರು ಹೊಯ್ದು ತೊಳೆಯುತ್ತಿರಲಿಲ್ಲ. ನಮ್ಮ ತಾಯಂದಿರು ಬಚ್ಚಲಿಗೆ ದಿನವೂ ನಾಲ್ಕು ಚೊಂಬು ನೀರು ಎರಚುವುದನ್ನು ನಾವು ದುಂದೆಂದು ಬೈಯುತ್ತಿದ್ದೆವು, ಈಗ ಬೈಯುವುದಿಲ್ಲ.

ನಮ್ಮ ಕಟ್ಟಡದಲ್ಲಿಯೇ ಇನ್ನೊಂದು ಘಟನೆ. ತಾರಸಿಯ ಮೇಲೆ ಬಾಯಿ ತೆರೆದು ನಿಂತ ಒಂದು ಕೊಳವೆಯಿತ್ತು. ಅದರಿಂದ ನೀರು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಪಾರಿವಾಳಗಳು ಗಲೀಜು ಮಾಡುತ್ತವೆ. ನಿಷ್ಪ್ರಯೋಜಕವೆಂದು ಯಾರೋ ಪುಣ್ಯಾತ್ಮರು ಅದರ ಬಾಯಿಗೆ ಸಿಮೆಂಟು ಮೆತ್ತಿದರು. ಅಂದಿನಿಂದ ಮೇಲಿನವರು ಒಂದು ಬಕೆಟ್ಟು ನೀರು ಚೆಲ್ಲಿದರೆ ಕೆಳಗಿನ ಮನೆಯ ಬಚ್ಚಲು ಗುಳುಗುಳು ಎನ್ನತೊಡಗಿತು, ಜೊತೆಗೆ ವಾಸನೆ. ಆ ಕೊಳವೆ ಚರಂಡಿಯ ಮೂಗು. ಅದು ಉಸಿರಾಡದಿದ್ದರೆ, ಮೇಲಿನಿಂದ ಬೀಳುವ ನೀರು ತನ್ನ ಹಿಂದೆ ಗಾಳಿಗಾಗಿ ತಡಕಾಡಿ ಕೆಳಗಿನ ಟ್ರಾಪುಗಳ ನೀರನ್ನೇ ಸೆಳೆದುಕೊಂಡು ಹೋಗುತ್ತದೆ. ಸಿಮೆಂಟು ಒಡೆಸಿ ಜಾಲರಿ ಕಟ್ಟಿಸಿದೆವು. ಖರ್ಚು ತೀರ ಅಲ್ಪ.

ಲಿಫ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗ್ಗ ಹರಿದು ಡಬ್ಬಿ ದೊಪ್ಪನೆ ಬೀಳುತ್ತದೆಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಹಗ್ಗ ಒಂದಲ್ಲ, ಹಲವು ಇರುತ್ತವೆ. ಅವೆಲ್ಲ ಹೋದರೂ ಹಳಿಯನ್ನು ಕಚ್ಚಿ ಹಿಡಿಯುವ ಹಿಡಿಕೆಯೊಂದು ಕೆಳಗಿದೆ. ಎಲೀಷಾ ಓಟಿಸ್ ಎಂಬಾತ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನು ನಿಂತ ಹಲಗೆಯ ಹಗ್ಗವನ್ನು ಎಲ್ಲರೆದುರು ಕಡಿಸಿ ಇದನ್ನು ತೋರಿಸಿದ. ನಿಜವಾದ ಅಪಾಯ ಬೇರೆ: ಎರಡು ಮಹಡಿಗಳ ನಡುವೆ ಲಿಫ್ಟು ನಿಂತಾಗ ಗಾಬರಿಗೊಂಡು ಬಾಗಿಲು ಬಿಡಿಸಿ ಹೊರಗೆ ಹಾರಲು ಹೋಗುವುದು. ಒಳಗೆ ಕುಳಿತಿರಿ, ಗಂಟೆ ಬಾರಿಸಿ, ಅಷ್ಟೇ. ಹವಾನಿಯಂತ್ರಣದ ಯಂತ್ರಕ್ಕೂ ಒಂದು ಮಾತು ಸಾಕು. ಒಂದೂವರೆ ಟನ್ನು ಎಂದರೆ ಯಂತ್ರದ ತೂಕವಲ್ಲ. ಒಂದೂವರೆ ಟನ್ನು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಸೆಕೆಯನ್ನು ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಹಳೆಯ ಬಗೆಯ ಯಂತ್ರಕ್ಕೆ 18 ಎಂದು ಅಪ್ಪಣೆ ಕೊಟ್ಟರೂ 24 ಎಂದು ಕೊಟ್ಟರೂ ಅದು ತಣಿಸುವ ವೇಗ ಒಂದೇ. 18ಕ್ಕೆ ಇಟ್ಟರೆ ನಿಲ್ಲದೆ ಓಡುತ್ತದೆ, ಬಿಲ್ಲು ಓಡುತ್ತದೆ. ಸರಕಾರ 2020ರಿಂದ ಹೊಸ ಯಂತ್ರಗಳೆಲ್ಲ ತಾವಾಗಿ 24ಕ್ಕೇ ನಿಂತಿರಬೇಕೆಂದು ವಿಧಿಸಿದ್ದು ಇದಕ್ಕೇ. ಗೋಡೆಗೆ ತಗುಲಿಸುವ ಆ ಯಂತ್ರ ಹೊರಗಿನ ಹೊಸ ಗಾಳಿಯನ್ನು ತರುವುದೂ ಇಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸಿ ಕೊಡುತ್ತದೆ. ಆಗಾಗ ಕಿಟಕಿ ತೆರೆಯಬೇಕು.

ಈಗ ವಿದ್ಯುತ್ತು. ನಾವು ಮಾತಿಗೆ ಒಪ್ಪಿಕೊಂಡದ್ದೇ ಇದಕ್ಕಾಗಿ.

ವಿದ್ಯುತ್ತಿನ ವಿಷಯದಲ್ಲಿ ಕನ್ನಡಿಗರಾದ ನಮಗೆ ಸ್ವಲ್ಪ ಜಂಬ ಇದ್ದೇ ಇದೆ. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ತಂತಿಯೆಳೆದ ನಾಡು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಕೊಟ್ಟ ನಾಡು. ಆದರೆ ನಾಡಿನ ಕೀರ್ತಿಯಿಂದ ನಮಗೆ ಜ್ಞಾನ ಬರುವುದಿಲ್ಲವಲ್ಲ! 2022ರಲ್ಲಿ ನಮ್ಮ ಕಟ್ಟಡದ ಹಳೆಯ ತಂತಿಗಳನ್ನು ಬದಲಿಸುವ ಕೆಲಸ ಬಂತು. ಅನುಭವಸ್ಥರಾದ ವಯಸ್ಸಾದ ವಾಯರ್‌ಮನ್ ಒಬ್ಬರು ಪಟ್ಟಿ ಬರೆದುಕೊಟ್ಟರು. ಅದರಲ್ಲಿ ಪ್ರತಿ ಮನೆಗೂ ಎಂ.ಸಿ.ಬಿ.ಗಳ ಜೊತೆಗೆ ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಸ್ವಿಚ್ಚು, ಮತ್ತು ಅಂಗಳದ ಅರ್ಥಿಂಗ್ ಗುಂಡಿಯನ್ನು ತೆಗೆದು ಸರಿಪಡಿಸುವುದು ಎಂಬ ಎರಡು ಬಾಬುಗಳಿದ್ದವು. ಅರ್ಥ ಎಂದರೆ ನಮಗೆ ದುಡ್ಡು; ಆ ದೃಷ್ಟಿಯಿಂದಲೇ ನೋಡಿದೆವು. ಎಂ.ಸಿ.ಬಿ. ಇದ್ದ ಮೇಲೆ ಶಾಕು ಹೊಡೆದರೆ ಅದು ತಾನಾಗಿ ಬೀಳುತ್ತದಲ್ಲ, ಒಂದೇ ಕೆಲಸಕ್ಕೆ ಇಬ್ಬರು ಗುಮಾಸ್ತರೇಕೆ ಎಂದು ವಾದಿಸಿ ಎರಡು ಬಾಬುಗಳಿಗೂ ಕೆಂಪು ಗೀಟು ಎಳೆದೆವು. ಸಭೆಯಲ್ಲಿ ಚಪ್ಪಾಳೆಯೂ ಬಂತು. ವಾಯರ್‌ಮನ್ನರು ಒಂದೆರಡು ಸಲ ಹೇಳಿ ನೋಡಿ, "ನಿಮ್ಮ ಮರ್ಜಿ ಸಾಹೇಬರೇ" ಎಂದು ಸುಮ್ಮನಾದರು.

2023ರ ಜುಲೈ. ಜಡಿಮಳೆ. ನಮ್ಮ ತಾಯಿಯವರು ಕುಂದಾಪುರದ ಕಡೆಯಿಂದ ಬಂದು ನಮ್ಮ ಜೊತೆಗಿದ್ದರು. ಬಟ್ಟೆ ಒಗೆಯುವ ಯಂತ್ರವನ್ನು ಬಚ್ಚಲಿನ ಬಾಗಿಲ ಬಳಿ ಇಟ್ಟಿದ್ದೆವು. ಅಲ್ಲಿ ಪ್ಲಗ್ಗಿನ ಜಾಗವಿಲ್ಲದ್ದರಿಂದ ನಾವೇ ಒಂದು ಭಾನುವಾರ ಪಡಸಾಲೆಯಿಂದ ತಂತಿಯೆಳೆದು ಹಲಗೆ ಕೂರಿಸಿದ್ದೆವು. ಅಂಗಡಿಯವನು ಮೂರು ಎಳೆಯ ತಂತಿ ಕೊಡಬೇಕೆ, ಎರಡು ಎಳೆಯದೇ ಎಂದು ಕೇಳಿದ್ದ. ವಿದ್ಯುತ್ತು ಒಂದರಲ್ಲಿ ಬರುತ್ತದೆ, ಒಂದರಲ್ಲಿ ಹೋಗುತ್ತದೆ; ಮೂರನೆಯದು ಅಲಂಕಾರಕ್ಕೆಂದು ತಿಳಿದು ಎರಡು ಎಳೆಯದನ್ನೇ ತಂದಿದ್ದೆವು. ಯಂತ್ರದ ಒಳಗೆ ಇಲಿ ಒಂದು ತಂತಿಯ ಹೊದಿಕೆಯನ್ನು ಕಡಿದಿತ್ತು. ಆ ತಂತಿ ಯಂತ್ರದ ತಗಡಿಗೆ ತಾಗಿತ್ತು. ಅಮ್ಮ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದರ ಮೈ ಮುಟ್ಟಿದರು.

ನಾವು ಬ್ಯಾಂಕಿನಲ್ಲಿದ್ದೆವು. ಕಂಡವರು ನಮ್ಮ ಮನೆಯವರು. ಕೂಗು ಸಹ ಬರಲಿಲ್ಲವಂತೆ. ಕೈ ಸೆಟೆದು ನಿಂತಿದ್ದರಂತೆ. ಅವರು ಅತ್ತೆಯನ್ನು ಹಿಡಿದೆಳೆಯಲು ಹೋಗದೆ ಓಡಿಹೋಗಿ ಮೈನು ತೆಗೆದರು. ಹಾಗೆ ಮಾಡಬೇಕೆಂದು ಶಾಲೆಯಲ್ಲಿ ಕಲಿತಿದ್ದರಂತೆ. ಎಳೆದಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಅಮ್ಮ ಬಿದ್ದು ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಹೃದಯ ಪರೀಕ್ಷಿಸಿ ಕಳುಹಿಸಿದರು. ಸಂಜೆ ನಾವು ಬಂದು ಪೆಟ್ಟಿಗೆ ತೆಗೆದು ನೋಡಿದೆವು. ಮೈನು ಒಂದು ಬಿಟ್ಟರೆ ಎಂ.ಸಿ.ಬಿ.ಗಳೆಲ್ಲ ತಲೆಯೆತ್ತಿಕೊಂಡು ನಿಂತಿದ್ದವು. ಒಂದೂ ಬಿದ್ದಿರಲಿಲ್ಲ.

ಏಕೆ ಬೀಳಲಿಲ್ಲ? ಅದು ಕೆಟ್ಟಿದೆಯೆಂದು ನಾವು ಆ ವಾಯರ್‌ಮನ್ನರ ಮೇಲೆ ರೇಗಲು ಹೊರಟಿದ್ದೆವು. ಅವರು ಪರೀಕ್ಷಿಸಿ, ಅದು ಸರಿಯಾಗಿಯೇ ಇದೆ, ಬೀಳುವುದು ಅದರ ಕೆಲಸವಲ್ಲ ಎಂದರು. ಲೆಕ್ಕ ಮಾಡಿ ನೋಡಿ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟು. ಒದ್ದೆಯಾದ ಮನುಷ್ಯದೇಹದ ತಡೆ ಸುಮಾರು 1,000 ಓಮ್. ಭಾಗಿಸಿದರೆ ಮೈಯೊಳಗೆ ಹರಿಯುವುದು 0.23 ಆಂಪೇರು. ಎದೆಯ ಬಡಿತವನ್ನು ತಪ್ಪಿಸಲು ಅದಕ್ಕಿಂತ ಬಹಳ ಕಡಮೆ ಸಾಕು. ಎಂ.ಸಿ.ಬಿ.ಯ ಮೇಲೆ ಬರೆದದ್ದು 16 ಆಂಪೇರು. 70 ಮಂದಿ ಒಟ್ಟಿಗೆ ಒದ್ದೆ ನೆಲದಲ್ಲಿ ನಿಂತು ಆ ಯಂತ್ರವನ್ನು ಮುಟ್ಟಿದರೆ 16 ಆಗುತ್ತದೆ. ಆಗಲೂ ಅದು ಬೀಳಬೇಕೆಂಬ ನಿಯಮವಿಲ್ಲ. ಸುಮಾರು 23 ಆಂಪೇರಿಗೆ ಒಂದು ಗಂಟೆಯೊಳಗೆ ಬೀಳಬೇಕೆಂದಷ್ಟೇ ಅದರ ಕಟ್ಟಳೆ. ಎಂ.ಸಿ.ಬಿ. ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯುವುದಕ್ಕೆ, ತಂತಿ ಕಾದು ಮನೆಗೆ ಬೆಂಕಿ ಹತ್ತದಿರಲಿ ಎಂಬುದಕ್ಕೆ. ಮನುಷ್ಯನನ್ನು ಅದು ಕಂಡರಿಯದು. ಅದು ಮೇಲಿಂದ ಮೇಲೆ ಬೀಳುತ್ತದೆಂದು 16 ತೆಗೆದು 32 ಹಾಕಿಸಿಕೊಳ್ಳುವವರೂ ನಮ್ಮ ಕಟ್ಟಡದಲ್ಲಿದ್ದರು, ತಂತಿ ಹಳೆಯದೇ. ಅಂದರೆ ಕಾವಲುಗಾರನಿಗೆ ನಿದ್ದೆಯ ಗುಳಿಗೆ ಕೊಟ್ಟಂತೆ.

ಹಾಗಾದರೆ ಅರ್ಥಿಂಗ್ ಇದ್ದಿದ್ದರೆ? ಆ ಮೂರನೆಯ ತಂತಿ ಯಂತ್ರದ ತಗಡಿನಿಂದ ಹೊರಟು ಅಂಗಳದ ಗುಂಡಿಗೆ ಹೋಗುತ್ತದೆ. ತಗಡಿಗೆ ವಿದ್ಯುತ್ತು ಸೋರಿದರೆ, ಅದು ಅಮ್ಮನ ಮೈಗಿಂತ ಸುಲಭವಾದ ಆ ದಾರಿ ಹಿಡಿಯಬೇಕು. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಅದೊಂದು ಮಾತ್ರ ಉದ್ದ, ದಪ್ಪ ಇರುವುದನ್ನು ನೋಡಿದ್ದೀರಿ. ಎಲ್ಲರಿಗಿಂತ ಮೊದಲು ಕೂಡಿಕೊಳ್ಳಬೇಕು, ಎಲ್ಲರಿಗಿಂತ ಕೊನೆಗೆ ಬಿಡಬೇಕು ಎಂದು. ಆದರೆ ನಮ್ಮ ಅಂಗಳದ ಗುಂಡಿಯ ಸ್ಥಿತಿ ಏನಾಗಿತ್ತು? ಇದ್ದಿಲು, ಉಪ್ಪು ತುಂಬಿ ಬೇಸಗೆಯಲ್ಲಿ ನೀರು ಹೊಯ್ಯುತ್ತಿರಬೇಕಾದ ಜಾಗದ ಮೇಲೆ, ವಾಹನ ನಿಲ್ಲಿಸಲು ಅನುಕೂಲವಾಗಲಿ ಎಂದು ಹಿಂದಿನ ಸಮಿತಿಯವರು ಕಲ್ಲುಹಾಸು ಹಾಸಿದ್ದರು. ಆ ಖರ್ಚಿನ ಚೀಟಿ ನಮ್ಮ ಕಡತದಲ್ಲೇ ಇದೆ. ಒಣಗಿದ ಮಣ್ಣಿನ ತಡೆ 20 ಓಮ್ ಎಂದಿಟ್ಟುಕೊಳ್ಳಿ: 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪೇರು. 16ರ ಎಂ.ಸಿ.ಬಿ. ಆಗಲೂ ಬೀಳುವುದಿಲ್ಲ, ಯಂತ್ರದ ಮೈ ಜೀವಂತವಾಗಿಯೇ ಇರುತ್ತದೆ. ಇನ್ನು ಕೆಲವು ಕೆಲಸಗಾರರು ಮೂರನೆಯ ತಂತಿ ಸಿಗದಿದ್ದರೆ ಆ ಕಡ್ಡಿಯನ್ನು ನ್ಯೂಟ್ರಲ್ಲಿಗೇ ಜೋಡಿಸಿಬಿಡುತ್ತಾರೆ. ಎರಡೂ ಒಂದೇ ಎಂಬ ಭ್ರಮೆ. ಆ ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಮನೆಯ ಯಂತ್ರಗಳ ತಗಡೆಲ್ಲ ಮುಟ್ಟಿದವರನ್ನು ಹಿಡಿಯುತ್ತದೆ.

ನಾವು ಗೀಟೆಳೆದ ಆ ಆರ್.ಸಿ.ಸಿ.ಬಿ. ಮಾಡುವ ಕೆಲಸವನ್ನು ಕೇಳಿದಾಗ ನಮಗೆ ನಾಚಿಕೆಯಾಯಿತು. ಏಕೆಂದರೆ ಅದು ನಾವು ದಿನವೂ ಸಂಜೆ ಬ್ಯಾಂಕಿನಲ್ಲಿ ಮಾಡುವ ಕೆಲಸವೇ. ಅದು ತಾಳೆ ನೋಡುತ್ತದೆ. ಒಂದು ತಂತಿಯಲ್ಲಿ ಮನೆಯೊಳಗೆ ಹೋದ ವಿದ್ಯುತ್ತು ಇನ್ನೊಂದರಲ್ಲಿ ಪೂರ್ತಿ ಮರಳಿ ಬಂತೇ? ಬಂದಿದ್ದರೆ ಸರಿ, ಅದು 5 ಆಂಪೇರಿರಲಿ, 15 ಇರಲಿ, ಅದಕ್ಕೆ ಚಿಂತೆಯಿಲ್ಲ. ಆದರೆ ಹೋದದ್ದಕ್ಕೂ ಬಂದದ್ದಕ್ಕೂ 0.03 ಆಂಪೇರಿನ ವ್ಯತ್ಯಾಸ ಬಂದರೆ, ಆ ಬಾಕಿ ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿದೆಯೆಂದು ತಿಳಿದು, ರೆಪ್ಪೆ ಬಡಿಯುವಷ್ಟರಲ್ಲಿ ಶಟರು ಎಳೆದುಬಿಡುತ್ತದೆ. ಶಾಕು ಹೊಡೆಯುವುದೇ ಇಲ್ಲವೆಂದಲ್ಲ, ಹೊಡೆದು ಹಿಡಿದುಕೊಳ್ಳುವುದಿಲ್ಲ. ಎರಡು ತಂತಿಗಳನ್ನೂ ಒಟ್ಟಿಗೆ ಒಂದೊಂದು ಕೈಯಲ್ಲಿ ಹಿಡಿದವನನ್ನು ಮಾತ್ರ ಅದೂ ಕಾಯಲಾರದು. ಅಲ್ಲಿ ಲೆಕ್ಕ ತಾಳೆಯಾಗುತ್ತದೆ! ತಂತಿ ಕಾಯುವ ಕೆಲಸವೂ ಅದಕ್ಕೆ ಬಾರದು. ಒಂದೇ ಕೆಲಸಕ್ಕೆ ಇಬ್ಬರು ಗುಮಾಸ್ತರೆಂದು ನಾವು ಹಾಸ್ಯ ಮಾಡಿದ್ದೆವಲ್ಲ, ಇಬ್ಬರ ಮೇಜೂ ಬೇರೆ, ಪುಸ್ತಕವೂ ಬೇರೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಮ್ಮನಿಗೆ ನಾವು ನಡೆದುದನ್ನೆಲ್ಲ ಹೇಳಿದೆವು, ಗೀಟು ಎಳೆದ ವಿಷಯವನ್ನೂ. ಅವರು ಸಿಟ್ಟಾಗಲಿಲ್ಲ. "ಅಷ್ಟು ಹಣ ಉಳಿಯಿತಲ್ಲ ಮಗಾ, ಯಾರಿಗೆ ಉಳಿಯಿತು?" ಎಂದು ಕೇಳಿದರು. ಕುಹಕದಿಂದ ಕೇಳಿದ್ದಲ್ಲ; ಸೊಸೈಟಿಯ ಹಣವೆಂದರೆ ಯಾರ ಹಣವೆಂದು ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ. ಅಂದು ಉಳಿಸಿದ್ದು ಮನೆಗೆ ಎರಡು ಸಾವಿರದ ಚಿಲ್ಲರೆ ರೂಪಾಯಿ.

ಮುಂದಿನ ಸಭೆಯಲ್ಲಿ ನಾವೇ ಎದ್ದು ಆ ಎರಡು ಬಾಬುಗಳನ್ನು ಮತ್ತೆ ಮಂಡಿಸಿದೆವು. ಹಿಂದೆ ಚಪ್ಪಾಳೆ ತಟ್ಟಿದವರೇ ಈಗ ಏಕೆ ಈ ದುಂದು ಎಂದು ಕೇಳಿದರು. ಒಬ್ಬರಂತೂ, "ನಮ್ಮ ಮನೆಯಲ್ಲಿ ಯಾರಿಗೂ ಶಾಕು ಹೊಡೆದಿಲ್ಲವಲ್ಲ" ಎಂದರು. 70 ಮಂದಿಯ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿಗೆಯಾಯಿತು. ಕಲ್ಲುಹಾಸು ಎಬ್ಬಿಸಿ ಗುಂಡಿಯನ್ನು ಹೊಸದಾಗಿ ಮಾಡಿಸಿದೆವು. ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯುವುದು ಈಗ ಕಾವಲುಗಾರನ ಕೆಲಸಗಳ ಪಟ್ಟಿಯಲ್ಲಿದೆ. ನಮ್ಮ ಬಚ್ಚಲ ಬಳಿಯ ತಂತಿಗೆ ಮೂರು ಎಳೆಗಳಿವೆ.

ಒಂದು ಮಾತು ಬಾಕಿ. ಆ ಸ್ವಿಚ್ಚಿನ ಮೇಲೆ ಟಿ ಎಂಬ ಅಕ್ಷರವಿರುವ ಒಂದು ಚಿಕ್ಕ ಗುಂಡಿಯಿದೆ. ಅನೇಕರು ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಗದರಿಸುತ್ತಾರೆ. ಮುಟ್ಟಲೇಬೇಕು. ತಿಂಗಳಿಗೊಮ್ಮೆ ಒತ್ತಿದರೆ ಅದು ಬೀಳಬೇಕು; ಬೀಳದಿದ್ದರೆ ಅದು ಸತ್ತಿದೆ. ಒಳಗಿನ ಸ್ಪ್ರಿಂಗು, ಕೊಂಡಿಗಳು ವರ್ಷಗಟ್ಟಲೆ ಅಲುಗಾಡದೆ ಕುಳಿತರೆ ಹಿಡಿದುಕೊಳ್ಳುವುದುಂಟು. ಈ ತಿಂಗಳ ಮೊದಲ ಭಾನುವಾರ 20 ಮನೆಗಳಲ್ಲಿಯೂ ಒತ್ತಿಸಿ ನೋಡಿದೆವು. 19 ಬಿದ್ದವು. ಎರಡನೆಯ ಮಹಡಿಯ ಒಂದು ಮನೆಯದು ಎಷ್ಟು ಒತ್ತಿದರೂ ಕದಲಲಿಲ್ಲ. ಆ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದಾರೆ. ಮರುದಿನ ಬೆಳಗ್ಗೆ ಬ್ಯಾಂಕಿಗೆ ಹೊರಡುವ ಮೊದಲೇ ಚೀಟಿಗೆ ರುಜು ಹಾಕಿದೆವು, ಸಂಜೆಯೊಳಗೆ ಬದಲಾಯಿತು. ಬಿಚ್ಚಿದ ಹಳೆಯದನ್ನು ಇಲ್ಲಿ ಮೇಜಿನ ಮೇಲೆ ತಂದಿಟ್ಟಿದ್ದೇವೆ. ಕಾಫಿಯ ಹೊತ್ತಿನಲ್ಲಿ ಬಂದು ಆ ಗುಂಡಿ ಎಲ್ಲಿರುತ್ತದೆಂದು ಎಲ್ಲರೂ ನೋಡಿಕೊಳ್ಳಬಹುದು. ಇದಕ್ಕೆ ತಂತಿ ಜೋಡಿಸಿಲ್ಲ, ಧೈರ್ಯವಾಗಿ ಮುಟ್ಟಿ.